‘ಚೆಮ್ಮೀನ್’ ಕಾದಂಬರಿಯಲ್ಲಿ ಸಾಲದ ಲೆಕ್ಕ

ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ (೧೯೫೬) ಕಾದಂಬರಿಯನ್ನು ಪ್ರೇಮದುರಂತವೆಂದೇ ಓದುವುದು ರೂಢಿ. ಅದರ ಬೇರು ಸಾಲದಲ್ಲಿದೆಯೆಂದು ನಮಗೆ ತೋರುತ್ತದೆ. ಚೆಂಬನ್‌ಕುಂಞು ದೋಣಿ ಬಲೆಗಳನ್ನು ಕೊಳ್ಳುವುದು ವ್ಯಾಪಾರಿ ಪರೀಕುಟ್ಟಿಯ ನೆರವಿನಿಂದ. ಹಿಡಿದ ಮೀನನ್ನು ಅವನಿಗೇ ಮಾರುವೆನೆಂದ ಮಾತನ್ನು ಆತ ನಡೆಸುವುದಿಲ್ಲ. ಒಡೆತನಕ್ಕೆ ಊರ ಮುಖಂಡನಾದ ಅರಯನ ಅನುಮತಿಯೂ ಬೇಕು. ಕಡಲು ಎಲ್ಲರದಾದರೂ ದೋಣಿ ಎಲ್ಲರದಲ್ಲವೆಂಬ ಈ ಸೂಕ್ಷ್ಮವನ್ನು ತಕಳಿಯವರು ಚೆನ್ನಾಗಿ ಬಲ್ಲರು. ಕಾದಂಬರಿಯ ಮೊದಲರ್ಧದ ಸತ್ತ್ವವೆಲ್ಲ ಅದರಲ್ಲಿಯೇ ಇದೆ. ಆದರೆ ಪಳನಿಯ ಸಾವನ್ನು ಹೆಣ್ಣಿನ ಶೀಲಕ್ಕೂ ಕಡಲಮ್ಮನ ಕೋಪಕ್ಕೂ ಗಂಟುಹಾಕಿ ಕಥೆಯನ್ನು ಮುಗಿಸುವಾಗ ಆ ಲೆಕ್ಕ ಮರೆಯಾಗುತ್ತದೆ. ಇದನ್ನು ನಾವು ಕೃತಿಯ ದೊಡ್ಡ ಕೊರತೆಯೆಂದೇ ಎಣಿಸುತ್ತೇವೆ.

ಏಕೆಂದರೆ ಅದೇ ಕರಾವಳಿಯ ನೀಂಡಕರೆಯಲ್ಲಿ, ಕಾದಂಬರಿ ಹೊರಬರುವುದಕ್ಕೆ ಮೂರು ವರ್ಷ ಮೊದಲೇ, ೧೯೫೩ರಲ್ಲಿ, ಇಂಡೋ-ನಾರ್ವೇಜಿಯನ್ ಯೋಜನೆ ಕೆಲಸ ತೊಡಗಿತ್ತು. ಬೆಸ್ತರ ಬಾಳು ಹಸನಾಗಲೆಂದು ಮೊದಲಾದ ಆ ಕಾರ್ಯವು ಪರದೇಶದ ಪೇಟೆಗೆ ಸಿಗಡಿ ಕಳುಹಿಸುವ ಟ್ರಾಲಿಂಗ್ ಉದ್ಯಮಕ್ಕೆ ದಾರಿಮಾಡಿತು. (‘ಚೆಮ್ಮೀನ್’ ಎಂದರೂ ಸಿಗಡಿಯೇ!) ಯಂತ್ರದೋಣಿಗೆ ಹಣ ಹೂಡಿದವರಲ್ಲಿ ಬೆಸ್ತರಲ್ಲದ ವರ್ತಕರೂ ಇದ್ದರು, ಅವರಿಗೆ ಅರಯನ ಅನುಮತಿಯ ಹಂಗಿರಲಿಲ್ಲ. ೧೯೮೮ರಲ್ಲಿ ಕೇರಳ ಸರಕಾರ ಮಳೆಗಾಲದ ಟ್ರಾಲಿಂಗನ್ನು ನಿಷೇಧಿಸಿದ್ದು ಸಣ್ಣ ಬೆಸ್ತರ ಹಲವು ವರ್ಷಗಳ ಚಳವಳಿಯ ತರುವಾಯ.