ರಿವೆಟ್ಟು, ಮರ್ಲಿನ್ ಮತ್ತು ಮೈಸೂರು ಸ್ಕ್ವಾಡ್ರನ್

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1970ರಲ್ಲಿ ಹೊರತಂದ ಸ್ಪಿಟ್‌ಫೈರ್ ಮಾರ್ಕ್ 1 ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ ಕಿಟ್ಟಿನ ರೆಕ್ಕೆ ಕೈಗೆತ್ತಿಕೊಂಡರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುವುದು ರಿವೆಟ್ಟು. ಉಬ್ಬಿದ ಚುಕ್ಕಿಗಳು ಸಾಲುಗಟ್ಟಿ ಮೂತಿಯಿಂದ ಬಾಲದವರೆಗೆ ಹರಡಿವೆ. ಅಳತೆ 24ನೇ ಒಂದು. ಅಂದರೆ ಮಾದರಿಯ ಮೇಲೆ ಅರ್ಧ ಮಿಲಿಮೀಟರಿನ ಚುಕ್ಕಿಯಿದ್ದರೆ ನಿಜವಾದ ವಿಮಾನದಲ್ಲಿ ಅದು 12 ಮಿಲಿಮೀಟರಿನ ಗುಬುಟು. ಅಂಥದ್ದನ್ನು ಹೊತ್ತು ಯಾವ ಫೈಟರ್ ತಾನೇ ಹಾರೀತು?

ಈ ಪ್ರಶ್ನೆಯನ್ನು 1930ರ ದಶಕದಲ್ಲಿ ಸ್ಪಿಟ್‌ಫೈರ್ ತಯಾರಕರಾದ ಸೂಪರ್‌ಮೆರೀನ್‌ನವರೇ ಕೇಳಿಕೊಂಡಿದ್ದರು. ತಗಡಿನ ಮಟ್ಟಕ್ಕೆ ಕೂರುವ ಚಪ್ಪಟೆ ರಿವೆಟ್ ಹೊಡೆಯಲು ಖರ್ಚೂ ಹೆಚ್ಚು, ಹೊತ್ತೂ ಹೆಚ್ಚು. ಗುಂಡುತಲೆಯದಾದರೆ ಅಗ್ಗ. ಅಗ್ಗದ್ದನ್ನು ಬಳಸಿದರೆ ಎಷ್ಟು ವೇಗ ಹೋಗುತ್ತದೆಂದು ನೋಡಲು ಅವರು ಚಪ್ಪಟೆ ರಿವೆಟ್ಟುಗಳ ಮೇಲೆ ಒಂದೊಂದು ಬಟಾಣಿ ಬೇಳೆ ಅಂಟಿಸಿ ವಿಮಾನ ಹಾರಿಸಿದರು. ವೇಗ ಗಂಟೆಗೆ ಸುಮಾರು 22 ಮೈಲಿ ಇಳಿಯಿತು. ಆಮೇಲೆ ಸಾಲು ಸಾಲಾಗಿ ಬೇಳೆ ಕೆರೆದು ತೆಗೆಯುತ್ತಾ, ಮತ್ತೆ ಮತ್ತೆ ಹಾರಿಸುತ್ತಾ, ಎಲ್ಲಿ ಚಪ್ಪಟೆ ಬೇಕೇ ಬೇಕು, ಎಲ್ಲಿ ಗುಂಡುತಲೆ ನಡೆದೀತು ಎಂದು ಲೆಕ್ಕ ಹಾಕಿದರು. ಕೊನೆಗೆ ರೆಕ್ಕೆಗೆ ಚಪ್ಪಟೆ, ಕಾಕ್‌ಪಿಟ್ಟಿನ ಹಿಂದಿನ ಮೈಗೆ ಗುಂಡುತಲೆ ಎಂದಾಯಿತು. 1943ರ ಆರಂಭದವರೆಗೂ ಸ್ಪಿಟ್‌ಫೈರ್‌ನ ಹಿಂಬದಿಯ ಮೈಯಲ್ಲಿ ಗುಂಡುತಲೆಯೇ ಇತ್ತು.

ಈ ಕತೆ ಗೊತ್ತಿದ್ದವರಿಗೆ ಏರ್‌ಫಿಕ್ಸ್‌ನ ದೋಷ ಎಲ್ಲಿಂದ ಎಲ್ಲಿಯವರೆಗೆ ಎಂಬುದೂ ಗೊತ್ತಾಗುತ್ತದೆ. ರೆಕ್ಕೆಯ ಮೇಲಿನ ರಿವೆಟ್ಟುಗಳು ಶುದ್ಧ ಸುಳ್ಳು. ಹಿಂಬದಿಯ ಮೈ ಮೇಲಿನವು ನಿಜದ ಅತಿರೇಕ. ಹಾಗಾಗಿ ಇಡೀ ವಿಮಾನವನ್ನು ಉಜ್ಜಿ ಗಾಜಿನಂತೆ ನುಣುಪು ಮಾಡುವವರದೂ ತಪ್ಪು, ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಗೆಯೇ ಬಣ್ಣ ಹೊಡೆದು ನಿಲ್ಲಿಸುವವರದೂ ತಪ್ಪು ಎಂದು ನನ್ನ ವಾದ. ರೆಕ್ಕೆಯನ್ನು 400, ಆಮೇಲೆ 800 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ತೆಗೆಯಬೇಕು. ಹಿಂಬದಿಯ ಮೈಗೆ ಪೇಪರು ಮೆಲ್ಲಗೆ ಸವರಿ ತಲೆ ತಗ್ಗಿಸಿದರೆ ಸಾಕು. ರೆಕ್ಕೆ ನುಣುಪಾಗಿ, ಬೆನ್ನು ತರಿತರಿಯಾಗಿ ಉಳಿದ ಆ ವ್ಯತ್ಯಾಸವೇ 1940ರ ಸ್ಪಿಟ್‌ಫೈರ್‌ನ ಗುರುತು.

ಇಷ್ಟು ಉಜ್ಜಾಟಕ್ಕೆ ಈ ಕಿಟ್ಟು ಯೋಗ್ಯವೇ? ಯೋಗ್ಯವೇ. ಕಾರಣ ಮಾತ್ರ ಸಾಮಾನ್ಯವಾಗಿ ಹೇಳುವಂಥದ್ದಲ್ಲ.

ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 47 ಸೆಂಟಿಮೀಟರ್, ಉದ್ದ 38. ಒಂದಡಿ ಆಳದ ಶೋಕೇಸಿನಲ್ಲಿ ನೇರವಾಗಿ ಕೂರುವುದಿಲ್ಲ. ಬಿಟಿಎಂ ಬಡಾವಣೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇದು ಅಲಂಕಾರದ ವಸ್ತುವಲ್ಲ, ಇನ್ನೊಬ್ಬ ಬಾಡಿಗೆದಾರ. 72ನೇ ಒಂದರ ಪುಟಾಣಿ ಸ್ಪಿಟ್‌ಫೈರನ್ನು 1953ರಲ್ಲಿ ಮಾರಿ ವಿಮಾನದ ಕಿಟ್ಟುಗಳ ವ್ಯಾಪಾರಕ್ಕಿಳಿದ ಏರ್‌ಫಿಕ್ಸ್, 1970ರಲ್ಲಿ ಒಮ್ಮೆಲೇ ಅದರ ಮೂರು ಪಟ್ಟು ಅಳತೆಗೆ ಹಾರಿತು. ವಿನ್ಯಾಸ ಜಾನ್ ಎಡ್ವರ್ಡ್ಸ್ ಅವರದು. ಅವರು ಮಾಡಿದ್ದು ದೊಡ್ಡದಾದ ಆಟಿಕೆಯನ್ನಲ್ಲ. ಒಳಗೆ ಪೂರ್ತಿ ಮರ್ಲಿನ್ ಎಂಜಿನ್ ಇಟ್ಟರು. ಬಂದೂಕುಗಳ ಗೂಡುಗಳನ್ನು ತೆರೆದು ತೋರಿಸಿದರು. ಚಕ್ರ ಮಡಚುವಂತೆ, ರಡ್ಡರು, ಐಲೆರಾನ್ ಆಡುವಂತೆ ಮಾಡಿದರು. ಬೇಕೆಂದವರು ಸಣ್ಣ ಮೋಟಾರು ಕೂರಿಸಿ ಪ್ರೊಪೆಲರ್ ತಿರುಗಿಸಬಹುದಿತ್ತು.

ಎಂಜಿನ್ನಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕಿಟ್ಟಿನ ಹಿರಿಮೆ ಇರುವುದೂ ಅಲ್ಲೇ, ಎಡವುವುದೂ ಅಲ್ಲೇ. ಮರ್ಲಿನ್ ಎಂದರೆ ಆರಾರು ಸಿಲಿಂಡರುಗಳ ಎರಡು ಸಾಲು ಇಂಗ್ಲಿಷಿನ ವಿ ಅಕ್ಷರದಂತೆ ನಿಂತ 27 ಲೀಟರಿನ ಎಂಜಿನ್. ಅದರ ಎರಡು ಅರ್ಧಗಳನ್ನು ಅಂಟಿಸಿ, ಸಿಲಿಂಡರ್ ಸಾಲು ಕೂರಿಸಿ, ಬದಿಗೆ ಮೂರು ಮೂರರಂತೆ ಎಕ್ಸಾಸ್ಟ್ ಜೋಡಿಸಿ, ಹಿಂಬದಿಗೆ ಸೂಪರ್‌ಚಾರ್ಜರ್ ಇಟ್ಟು, ಆ ಇಡೀ ಭಾರವನ್ನು ತೆಳ್ಳನೆ ಕೊಳವೆಗಳ ಚೌಕಟ್ಟು ಹಿಡಿದು ಕಾಕ್‌ಪಿಟ್ಟಿನ ಮುಂದಿನ ಗೋಡೆಗೆ ತೂಗುಹಾಕುವಾಗ ಸ್ಪಿಟ್‌ಫೈರ್ ಹೇಗೆ ಕಟ್ಟಲ್ಪಟ್ಟಿತ್ತು ಎಂಬುದು ಯಾವ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ. ಆ ಗೋಡೆಗೂ ಪೈಲಟ್ಟಿನ ಮೊಣಕಾಲಿಗೂ ನಡುವೆ ಉಳಿಯುವ ಜಾಗ ನೋಡಿ. ನಿಜವಾದ ವಿಮಾನದಲ್ಲಿ 85 ಗ್ಯಾಲನ್ ಪೆಟ್ರೋಲು ಅಲ್ಲಿತ್ತು. ಗುಂಡು ತಗುಲಿದರೆ ಬೆಂಕಿ ಮೊದಲು ಮುಟ್ಟುತ್ತಿದ್ದುದು ಯಾರನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ರೆಕ್ಕೆ ಜೋಡಿಸುವಾಗ ಇನ್ನೊಂದು ಪಾಠ: ಚಕ್ರದ ಕಾಲುಗಳು ಮೈಗೆ ಹತ್ತಿರದಲ್ಲೇ ಹುಟ್ಟಿ ಹೊರಕ್ಕೆ ಮಡಚಿಕೊಳ್ಳುತ್ತವೆ. ಹಾಗಾಗಿ ಎರಡು ಚಕ್ರಗಳ ನಡುವೆ ಅಂತರ ಕಡಿಮೆ, ನೆಲದ ಮೇಲೆ ವಿಮಾನ ತೊನೆಯುತ್ತದೆ. ಮಾದರಿಯೂ ಮೇಜಿನ ಮೇಲೆ ಹಾಗೇ ತೊನೆಯುತ್ತದೆ.

ಎಡವುವುದು ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಮುಚ್ಚುವಾಗ. ನಿಜವಾದ ಕೌಲಿಂಗ್ ಒಂದೆರಡು ಮಿಲಿಮೀಟರಿನ ತಗಡು. 24ನೇ ಒಂದಕ್ಕೆ ಇಳಿಸಿದರೆ ಕಾಗದಕ್ಕಿಂತ ತೆಳ್ಳಗಿರಬೇಕು. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕಿಗೆ ಅದು ಸಾಧ್ಯವೇ ಇಲ್ಲ. ದಪ್ಪ ಹೊದಿಕೆಯೊಳಗೆ ಪೂರ್ತಿ ಅಳತೆಯ ಎಂಜಿನ್ ತುರುಕಿದರೆ ಮೂತಿ ಊದಿಕೊಳ್ಳುತ್ತದೆ, ಇಲ್ಲವೇ ಸಂದು ಬಾಯಿಬಿಡುತ್ತದೆ. ಸ್ಪಿಟ್‌ಫೈರ್‌ನ ಚೆಲುವೆಲ್ಲ ಆ ನೀಳ ಮೂತಿ ಮತ್ತು ದೀರ್ಘವೃತ್ತದ ರೆಕ್ಕೆಯಲ್ಲಿದೆ. ಒಳಗನ್ನು ತೋರಿಸುತ್ತೇನೆ, ಹೊರಗನ್ನೂ ಉಳಿಸುತ್ತೇನೆ ಎಂದು ಕಿಟ್ಟು ಎರಡು ಮಾತು ಕೊಡುತ್ತದೆ; ಎರಡನ್ನೂ ಒಟ್ಟಿಗೆ ನಡೆಸಲಾಗದು ಎಂಬುದನ್ನು ಮಾತ್ರ ಸೂಚನಾ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ಮಡಚುವ ಚಕ್ರದ್ದೂ ಇದೇ ಪಾಡು. ಕೀಲು ಆಡಬೇಕೆಂದರೆ ಸಡಿಲ ಬೇಕು; ಸಡಿಲವಿದ್ದರೆ ಇಷ್ಟು ತೂಕದ ಮಾದರಿ ನೆಟ್ಟಗೆ ನಿಲ್ಲದು. ಚಕ್ರ ಇಳಿಸಿ ಅಂಟಿಸಿಬಿಡುವುದೇ ಮೇಲು. ಮೋಟಾರಿನ ಗೋಜಿಗೆ ಹೋಗಲೇಬೇಡಿ.

ನನ್ನ ಮಟ್ಟಿಗೆ ಈ ಜಗಳದಲ್ಲಿ ಗೆಲ್ಲಬೇಕಾದ್ದು ಎಂಜಿನ್. ಒಂದು ಬದಿಯ ಕೌಲಿಂಗ್ ಅಂಟಿಸಿ, ಇನ್ನೊಂದನ್ನು ಬಿಡಿಯಾಗಿ ಪಕ್ಕದಲ್ಲಿಟ್ಟರೆ ಸಾಕು. ಈ ಕಿಟ್ಟಿನ ಬೆಲೆ ಅದು ಸ್ಪಿಟ್‌ಫೈರನ್ನು ಎಷ್ಟು ಹೋಲುತ್ತದೆ ಎಂಬುದರಲ್ಲಿಲ್ಲ, ಸ್ಪಿಟ್‌ಫೈರ್ ಬಗ್ಗೆ ಎಷ್ಟು ಹೇಳುತ್ತದೆ ಎಂಬುದರಲ್ಲಿದೆ. ಮಾದರಿಯಿಂದ ಕಲಿಯುವುದು ಬೆಂಗಳೂರಿಗೆ ಹೊಸದಲ್ಲ. ಎಚ್‌ಎಫ್-24 ಮಾರುತ್ ಯುದ್ಧವಿಮಾನ ಹಾರುವ ಎರಡು ವರ್ಷ ಮೊದಲು, 1959ರಲ್ಲಿ, ವಿನ್ಯಾಸಕ ಕರ್ಟ್ ಟ್ಯಾಂಕ್ ಅವರ ತಂಡ ಎಚ್‌ಎಎಲ್‌ನಲ್ಲಿ ಅದರ ಪೂರ್ತಿ ಗಾತ್ರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು ಹಾರಿಸಿತ್ತು. ಎಕ್ಸ್-241 ಎಂದು ಅದರ ಹೆಸರು. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಮಾದರಿ ವಿಮಾನ ಇನ್ನೊಂದು ಹುಟ್ಟಿರಲಾರದು. ಎಂಜಿನ್ನಿಲ್ಲದ ಆ ಮರದ ಮಾರುತ್‌ನಿಂದ ಎಂಜಿನಿಯರುಗಳು ಪಡೆದದ್ದು ಉತ್ತರಗಳನ್ನು. ಅದರ ಅಂದವನ್ನು ಯಾರೂ ಕೇಳಲಿಲ್ಲ.

ಈಗ ನಡೆದಿರುವ ಸಂಪ್ರದಾಯದ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಹಳೆಯ ಕಿಟ್ ಕೈಗೆ ಬಂದ ಕೂಡಲೇ ರೆಸಿನ್ ಸೀಟು, ತಾಮ್ರದ ತಗಡಿನ ಡ್ಯಾಶ್‌ಬೋರ್ಡು, ಲೋಹದ ಬಂದೂಕು ನಳಿಗೆ, ಹೊಸ ಚಕ್ರ ಎಂದು ವಿದೇಶದಿಂದ ತರಿಸಿ, ಕಿಟ್ಟಿನ ಎರಡರಷ್ಟು ಹಣ ಸುರಿದು, ಕೊನೆಗೆ ಕಿಟ್ಟಿನದೇ ಭಾಗ ಕಾಣದಂತೆ ಮಾಡುವ ಹುಚ್ಚು. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. ಕಿಟ್ಟುಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಇದರಲ್ಲಿ ಒಂದು ತಮಾಷೆಯೂ ಇದೆ: 2010ರ ಆಸುಪಾಸಿನ ಎಷ್ಟೋ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ ‘ಭಾರತದಲ್ಲಿ ತಯಾರಿಸಿದ್ದು’ ಎಂದೇ ಅಚ್ಚಾಗಿದೆ. ಹೋಲಿಕೆಯೇ ಮುಖ್ಯ ಎನ್ನುವವರಿಗೆ ಇದೇ ಕಂಪನಿ ಇದೇ ಅಳತೆಯಲ್ಲಿ 2022ರಲ್ಲಿ ಹೊಸ ಅಚ್ಚಿನ ಸ್ಪಿಟ್‌ಫೈರ್ ತಂದಿದೆ. ಅದು ಮಾರ್ಕ್ 9, ಬೇರೆ ಮರ್ಲಿನ್, ಉದ್ದ ಮೂತಿ. ಭಾಗಗಳು ಹೊಂದುವ ಬಗೆಯಲ್ಲಿ ಹಳೆಯದು ಅದರ ಹತ್ತಿರ ನಿಲ್ಲಲಾರದು, ಒಪ್ಪುತ್ತೇನೆ. ಹಳೆಯದನ್ನು ಹೊಸದಾಗಿಸಲು ಹೊರಟವರು ಹೊಸದನ್ನೇ ಕೊಳ್ಳಬಹುದಲ್ಲ.

ಹಳೆಯ ಕಿಟ್ ಈ ಭಾಗದಲ್ಲಿ ಅಂಗಡಿಯಿಂದ ಬರುವುದಕ್ಕಿಂತ ಅಟ್ಟದಿಂದ ಇಳಿದು ಬರುವುದೇ ಹೆಚ್ಚು. ಜಯನಗರ, ಬನಶಂಕರಿಯ ಫಾರ್ಟಿ-ಸಿಕ್ಸ್ಟಿ ಸೈಟಿನ ಮನೆಗಳು ಬಿಲ್ಡರುಗಳ ಕೈಸೇರಿ ಅಪಾರ್ಟ್‌ಮೆಂಟು ಏಳುವ ಮುಂಚೆ ಅಟ್ಟ ಖಾಲಿಯಾಗಬೇಕು. ಎಚ್‌ಎಎಲ್, ಎನ್‌ಎಎಲ್‌ಗಳಲ್ಲಿ ದುಡಿದು ನಿವೃತ್ತರಾದವರು ಈ ಬಡಾವಣೆಗಳಲ್ಲಿ ಕಡಿಮೆಯೇನಿಲ್ಲ. ಲಂಡನ್ನಿನಿಂದಲೋ ಗಲ್ಫಿನಿಂದಲೋ ಸಂಬಂಧಿಕರು ತಂದ ಪೆಟ್ಟಿಗೆ, ಅರ್ಧ ಜೋಡಿಸಿ ಬಿಟ್ಟದ್ದು, ಹಾಗೆ ಹೊರಬರುತ್ತದೆ. ಡೆಕಾಲ್ ಹಾಳೆ ಹಳದಿಯಾಗಿರುತ್ತದೆ. ಪ್ಲಾಸ್ಟಿಕ್ ಚೀಲದೊಳಗಿಟ್ಟು ಕಿಟಕಿಯ ಗಾಜಿಗೆ ಟೇಪು ಹಚ್ಚಿ ಕೆಲವು ವಾರ ಬಿಸಿಲು ಕಾಣಿಸಿದರೆ ಬಣ್ಣ ಇಳಿಯುತ್ತದೆ. ರೆಕ್ಕೆ ಮೈಗೆ ಕೂಡುವ ಸಂದಿಗೆ ಆಮದು ಪುಟ್ಟಿ ಬೇಕಿಲ್ಲ, ಜೆ.ಸಿ. ರಸ್ತೆಯಲ್ಲಿ ಕಾರಿನ ಡೆಂಟಿಗೆ ಬಳಿಯುವ ಎನ್‌ಸಿ ಪುಟ್ಟಿ ಸಾಕು; ತೆಳ್ಳಗೆ ಬಳಿಯಬೇಕು, ದಪ್ಪವಾದರೆ ಒಣಗುತ್ತಾ ಒಳಸರಿಯುತ್ತದೆ. ಲ್ಯಾಕರ್ ಬಣ್ಣವನ್ನು ಮಾತ್ರ ಮಳೆ ಹಿಡಿದ ದಿನ ಮುಟ್ಟಬಾರದು. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿ ಬೂಷ್ಟು ಬಂದಂತೆ ಬಿಳಿಚಿಕೊಳ್ಳುತ್ತದೆ.

ಜೆ.ಸಿ. ರಸ್ತೆಗೆ ಹೆಸರು ಕೊಟ್ಟ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರಿಗೂ ಈ ವಿಮಾನಕ್ಕೂ ನಂಟಿದೆ. ಅವರು ಪಟ್ಟಕ್ಕೆ ಬಂದ ಮರುವರ್ಷ, 1941ರ ಜೂನ್‌ನಲ್ಲಿ, ಯಾರ್ಕ್‌ಶೈರ್‌ನ ಲೆಕನ್‌ಫೀಲ್ಡಿನಲ್ಲಿ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ ಸ್ಪಿಟ್‌ಫೈರ್‌ಗಳೊಂದಿಗೆ ಕೆಲಸ ಶುರುಮಾಡಿತು. ಮೈಸೂರು ಸಂಸ್ಥಾನ ಕೊಟ್ಟ ದೇಣಿಗೆಗಾಗಿ ಅದಕ್ಕೆ ‘ಮೈಸೂರು ಸ್ಕ್ವಾಡ್ರನ್’ ಎಂದು ಹೆಸರು. ಲಾಂಛನ ನಮ್ಮದೇ ಗಂಡಭೇರುಂಡ. ಆರಂಭದ ಕೆಲವು ವಾರ ಅದರ ಬಳಿ ಇದ್ದದ್ದು ಹಳೆಯ ಮಾರ್ಕ್ 1 ವಿಮಾನಗಳೇ, ಈ ಕಿಟ್ಟಿನವೇ. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ತನ್ನ ಮೊದಲ ವಿಮಾನವನ್ನು ಹಾರಿಸಿತು. ಹಾರ್ಲೋ ಎಂಬ ಆ ತರಬೇತಿ ವಿಮಾನವೂ ಅಮೆರಿಕದಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸಿದ್ದೇ. ಮೈಸೂರಿನ ಹಣ ಅಲ್ಲೂ ಇತ್ತು, ಇಲ್ಲೂ ಇತ್ತು.

ಹಾಗಾಗಿ ಬೆಂಗಳೂರಿನಲ್ಲಿ ಈ ಕಿಟ್ ಮಾಡುವವರು ಪೆಟ್ಟಿಗೆಯ ಡೆಕಾಲ್ ಬಿಟ್ಟು 129ರ ವಿಮಾನ ಮಾಡಲಿ ಎಂಬುದು ನನ್ನ ಆಸೆ. ಕಷ್ಟವೇನಿಲ್ಲ. ಮೇಲ್ಮೈಗೆ ಕಂದು ಮಣ್ಣಿನ ಬಣ್ಣ ಮತ್ತು ಕಡುಹಸಿರು, ಕೆಳಗೆ ಸ್ಕೈ ಎಂಬ ಮಾಸಲು ಹಸಿರು, ಬಾಲದ ಮುಂದೆ ಅದೇ ಸ್ಕೈ ಬಣ್ಣದ ಪಟ್ಟಿ. ಆಗಸ್ಟ್ 1941ರಿಂದ ಮಣ್ಣಿನ ಜಾಗಕ್ಕೆ ಬೂದು ಬಂತು, ಆದರೆ ಮಾರ್ಕ್ 1ಕ್ಕೆ ಮಣ್ಣೇ ಸರಿ. ಪಕ್ಕೆಯ ಮೇಲೆ ಸ್ಕ್ವಾಡ್ರನ್ನಿನ ಗುರುತು ‘ಡಿವಿ’. ಎರಡಡಿಯ ಅಕ್ಷರ ಈ ಅಳತೆಗೆ ಒಂದಂಗುಲ. ಮಾಸ್ಕಿಂಗ್ ಟೇಪಿನಲ್ಲಿ ಕತ್ತರಿಸಿ ಬಣ್ಣ ಊದಬಹುದು, ಡೆಕಾಲಿಗಿಂತ ಚೆನ್ನಾಗಿ ಕೂರುತ್ತದೆ. ವಿ ಅಕ್ಷರ ಸುಲಭ. ಡಿ ಅಕ್ಷರದ ಬಾಗನ್ನು ಹೊಸ ಬ್ಲೇಡಿನಿಂದ ಒಂದೇ ಎಳೆತದಲ್ಲಿ ಕೊಯ್ಯಬೇಕು. ಗಂಡಭೇರುಂಡವನ್ನು ಮೂತಿಯ ಮೇಲೆ ಬರೆಯಲು ಕೈ ತುರಿಸುತ್ತದೆ. ಆದರೆ ಯುದ್ಧಕಾಲದಲ್ಲಿ ಸ್ಕ್ವಾಡ್ರನ್ ಲಾಂಛನವನ್ನು ಫೈಟರುಗಳ ಮೇಲೆ ಬರೆಯುವ ರೂಢಿ ಕಡಿಮೆ. ಮಾದರಿ ನಿಲ್ಲಿಸುವ ಹಲಗೆಯ ಮೇಲೆ ಬರೆದುಕೊಂಡರೆ ಯಾರ ತಕರಾರೂ ಇರದು.

129ನ್ನು ಮುಂದುವರಿಸಿ ಇನ್ನೊಂದು ವಿಮಾನ ಮಾಡೋಣವೆಂದರೆ ಏರ್‌ಫಿಕ್ಸ್ ಇದೇ ಅಳತೆಯಲ್ಲಿ ತಂದ ಹಳೆಯ ಸರಣಿಯ ಮಸ್ಟಾಂಗ್ ಕಣ್ಣಿಗೆ ಬೀಳುತ್ತದೆ. 1944ರಲ್ಲಿ ಸ್ಕ್ವಾಡ್ರನ್ ಮಸ್ಟಾಂಗ್‌ಗಳಲ್ಲೇ ಜರ್ಮನ್ನರ ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿದ್ದು ನಿಜ. ಆದರೆ ಅವು ಮಸ್ಟಾಂಗ್ 3, ಕಾಕ್‌ಪಿಟ್ಟಿನ ಹಿಂದೆ ಬೆನ್ನು ಎತ್ತರವಿರುವ ಬಗೆ. ಏರ್‌ಫಿಕ್ಸ್‌ನದು ಗುಳ್ಳೆ ಗಾಜಿನ ಪಿ-51ಡಿ. ಬೆನ್ನನ್ನು ಗರಗಸದಲ್ಲಿ ಕೊಯ್ದು ಹೊಸದಾಗಿ ಕಟ್ಟುವ ಛಲವಿದ್ದವರು ಮಾತ್ರ ಅದನ್ನು ಕೊಳ್ಳಲಿ.