ಬೆಳ್ಳಿಯ ಮೇಲೆ ವರ್ಷಕ್ಕೊಂದು ಪಾಂಡಾ

ಕಥೆ ಕಾದಂಬರಿಗಳಿಗೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಂಗೀತ ಕಚೇರಿಗೂ ಉಂಟು. ನಾಣ್ಯಕ್ಕೆ ಮಾತ್ರ ಬೆಲೆಪಟ್ಟಿ ಇದ್ದರೆ ಸಾಕೆಂದು ನಾವೆಲ್ಲ ತಿಳಿದಂತಿದೆ. ಬೆಳ್ಳಿ ನಾಣ್ಯ ಕೂಡಿಡುವ ಹವ್ಯಾಸಿಗಳು ಇಬ್ಬರು ಸೇರಿದಲ್ಲಿ ನಡೆಯುವ ಮಾತಿಗೆ ಕಿವಿಗೊಟ್ಟು ನೋಡಿ: ಯಾವ ವರ್ಷದ್ದು ಎಷ್ಟು ಹೊರಟಿತು, ಈಗ ಎಷ್ಟಕ್ಕೆ ಬಿಕರಿಯಾಗುತ್ತದೆ, ಕಲೆ ಬಿದ್ದಿದೆಯೋ ಇಲ್ಲವೋ. ಚಿತ್ರ ಚೆನ್ನಾಗಿದೆಯೇ ಎಂದು ಕೇಳುವವರು ವಿರಳ. ಆದರೆ ಬೆಳ್ಳಿಯ ಬೆಲೆಗಿಂತ ಹೆಚ್ಚಾಗಿ ಅವರು ತೆತ್ತ ಹಣ ಹೋಗಿರುವುದು ಆ ಚಿತ್ರದ ಹೆಸರಿನಲ್ಲಿಯೇ.

ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಚಲಾವಣೆಗಲ್ಲದೆ, ಬೆಳ್ಳಿಯನ್ನು ಕೊಂಡಿಡುವವರಿಗೆಂದೇ ಕೆಲವು ದೇಶಗಳ ಟಂಕಸಾಲೆಗಳು ಹೊರಡಿಸುವ ನಾಣ್ಯಗಳಿವು. ತೂಕ ಸಾಮಾನ್ಯವಾಗಿ ಒಂದು ಟ್ರಾಯ್ ಔನ್ಸು, ಎಂದರೆ 31.1 ಗ್ರಾಂ, ನಮ್ಮ ಹಳೆಯ ಲೆಕ್ಕದಲ್ಲಿ ಎಂಟು ತೊಲಕ್ಕೆ ಸರಿಯಾಗಿ ಮೂರು ಔನ್ಸು. ಮುಖಬೆಲೆಯೂ ಉಂಟು. ಆಸ್ಟ್ರೇಲಿಯದ ಕೂಕಬರಾ ನಾಣ್ಯಕ್ಕೆ ಒಂದು ಡಾಲರು, ಚೀನದ ಪಾಂಡಾಕ್ಕೆ ಹತ್ತು ಯುವಾನ್. ಆ ಬೆಲೆಗೆ ಅದನ್ನು ಕೊಟ್ಟು ಸಾಮಾನು ತರುವ ದಡ್ಡ ಇನ್ನೂ ಹುಟ್ಟಿಲ್ಲ, ಏಕೆಂದರೆ ಒಳಗಿನ ಬೆಳ್ಳಿಯೇ ಅದರ ಅನೇಕ ಪಟ್ಟು ಬಾಳುತ್ತದೆ. ಬೆಳ್ಳಿಯ ಬೆಲೆಯ ಮೇಲೆ ಟಂಕಸಾಲೆಯ ಖರ್ಚು, ವ್ಯಾಪಾರಿಯ ಲಾಭ, ನಮ್ಮ ದೇಶಕ್ಕೆ ಬರುವಾಗ ಸುಂಕ. ಇವೆಲ್ಲ ಕಳೆದು ಉಳಿದದ್ದನ್ನು ಚಿತ್ರದ ಕೂಲಿ ಎನ್ನೋಣ. ಅದೇ ನಾಣ್ಯವನ್ನು ಕಷ್ಟಕಾಲದಲ್ಲಿ ಝವೇರಿ ಬಜಾರಿಗೆ ಒಯ್ದರೆ ಚಿನಿವಾರ ಅದನ್ನು ತಕ್ಕಡಿಗೆ ಹಾಕುತ್ತಾನೆ. ತಕ್ಕಡಿಗೆ ಪಾಂಡಾವೂ ಒಂದೇ, ಕಾಲುಂಗುರವೂ ಒಂದೇ. ಬಾಡಿಗೆ, ಮಕ್ಕಳ ಫೀಸು, ಊರಿಗೆ ಹೋಗಿಬರುವ ರೈಲು ಖರ್ಚು ಎಲ್ಲ ಕಳೆದು ವರ್ಷಕ್ಕೊಂದು ನಾಣ್ಯ ತೆಗೆಯುವ ನಮ್ಮಂಥ ನೌಕರರ ಪಾಲಿಗೆ ಚಿತ್ರದ ಗುಣದೋಷದ ಪ್ರಶ್ನೆ ಮನೆಯ ಜಮಾಖರ್ಚಿನ ಪುಸ್ತಕಕ್ಕೇ ಬಂದುಬಿಡುತ್ತದೆ.

ಎಲ್ಲ ಟಂಕಸಾಲೆಗಳೂ ವರ್ಷವರ್ಷ ಚಿತ್ರ ಬದಲಿಸುವುದಿಲ್ಲ. ಕೆನಡಾದ ಬೆಳ್ಳಿ ನಾಣ್ಯದ ಮೇಲೆ 1988ರಿಂದಲೂ ಅದೇ ಮೇಪಲ್ ಎಲೆ. ಬದಲಿಸುವವರಲ್ಲಿ ಹಿರಿಯ ಸ್ಥಾನ ಚೀನದ ಪಾಂಡಾಕ್ಕೆ: ಚಿನ್ನದಲ್ಲಿ 1982ರಿಂದ, ಬೆಳ್ಳಿಯಲ್ಲಿ 1983ರಿಂದ. ಮಾಟುಂಗಾದ ಮಿತ್ರರೊಬ್ಬರು ತಮ್ಮ ಸಂಗ್ರಹವನ್ನು ಭೂತಗನ್ನಡಿಯೊಂದಿಗೆ ನನ್ನ ಮುಂದಿಟ್ಟು ಎರಡು ಭಾನುವಾರ ಸಹಿಸಿಕೊಂಡದ್ದರಿಂದ ಇಲ್ಲಿ ಹೇಳುವುದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಪಾಂಡಾ ಕಪ್ಪು ಬಿಳುಪಿನ ಪ್ರಾಣಿ, ಬೆಳ್ಳಿಗಿರುವುದು ಒಂದೇ ಬಣ್ಣ. ಚೀನೀ ಕೆತ್ತನೆಗಾರರು ಈ ತೊಡಕನ್ನೇ ಬಂಡವಾಳ ಮಾಡಿಕೊಂಡರು. ಕನ್ನಡಿಯಂತೆ ನುಣುಪಾದ ಮೇಲ್ಮೈ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಆ ದಿಕ್ಕಿನಲ್ಲಿ ನಮ್ಮ ಕಣ್ಣಿಲ್ಲದಿದ್ದರೆ ಅದು ಕಪ್ಪಾಗಿ ಕಾಣುತ್ತದೆ. ತರಿತರಿಯಾಗಿ ಮಂಜು ಹಿಡಿದಂತಿರುವ ಮೇಲ್ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ; ಎತ್ತ ನಿಂತು ನೋಡಿದರೂ ಅದು ಬಿಳುಪು. ಕಾಲೇಜಿನಲ್ಲಿ ಬೆಳಕಿನ ಪಾಠದಲ್ಲಿ ಉರುಹೊಡೆದದ್ದು ಇಷ್ಟೇ. ಪಾಂಡಾದ ಕಣ್ಣಿನ ಸುತ್ತಣ ಮಚ್ಚೆ, ಕಿವಿ, ಕೈಕಾಲುಗಳನ್ನು ನುಣುಪಾಗಿ ಬಿಟ್ಟು, ಮುಖ ಹೊಟ್ಟೆಗಳಿಗೆ ಮಂಜು ಹಿಡಿಸಿದರೆ ಒಂದೇ ಲೋಹದಲ್ಲಿ ಎರಡು ಬಣ್ಣ ಬಂತು. ನಾಣ್ಯವನ್ನು ದೀಪದ ಕೆಳಗೆ ಸ್ವಲ್ಪ ವಾಲಿಸಿದರೆ ಕಪ್ಪು ಕೈ ಥಟ್ಟನೆ ಬೆಳಗಿ ಪ್ರಾಣಿ ಕದಲಿದಂತಾಗುತ್ತದೆ. ಬೆಳ್ಳಿಗೆಂದೇ ಹುಟ್ಟಿದ ಪ್ರಾಣಿ ಇದು. ಅಚ್ಚುಹಾಕಿದ ಕಾಗದದ ಮೇಲಾಗಲಿ, ತಾಮ್ರದ ಮೇಲಾಗಲಿ ಈ ಆಟ ಸಾಧ್ಯವಿಲ್ಲ.

ಚಿತ್ರ ಬದಲಿಸುವ ಪದ್ಧತಿಗೆ ಸಮರ್ಥನೆ ಇರುವುದೂ ಇಲ್ಲಿಯೇ. ಪ್ರಾಣಿ ಒಂದೇ, ಸಾಮಗ್ರಿ ಒಂದೇ, ವೃತ್ತ ಒಂದೇ. ಪ್ರತಿವರ್ಷವೂ ಹೊಸದಾಗಿ ನೋಡಬೇಕು. ಸಂಗೀತಗಾರನಿಗೆ ಒಂದೇ ರಾಗವನ್ನು ಮತ್ತೆ ಮತ್ತೆ ಹಾಡುವಾಗ ಬರುವ ಕಷ್ಟ ಇಂಥದೇ. ಎಲ್ಲ ವರ್ಷಗಳಲ್ಲಿಯೂ ಅದು ಫಲಿಸಿದೆಯೆಂದು ಹೇಳಲಾರೆ. 2013ರದರಲ್ಲಿ ಮೂರು ಪಾಂಡಾಗಳು ಸಾಲಾಗಿ ನೀರು ಕುಡಿಯುತ್ತವೆ. ತಾಯಿಮರಿಗಳ ಕಾಲ ಬಿಟ್ಟರೆ ಪಾಂಡಾ ಕಾಡಿನಲ್ಲಿ ಒಂಟಿಯಾಗಿಯೇ ಇರುವ ಜೀವಿ. ಇಲ್ಲಿ ಅದು ಫೋಟೋ ಸ್ಟುಡಿಯೋದಲ್ಲಿ ಕೂರಿಸಿದ ಕುಟುಂಬದಂತೆ ಕಾಣುತ್ತದೆ. ಮೂರನ್ನು ತುರುಕಿದ್ದರಿಂದ ನುಣುಪಿಗೂ ಮಂಜಿಗೂ ಬೇಕಾದ ಜಾಗವೂ ಕಿರಿದಾಗಿದೆ. 2017ರದರಲ್ಲಿ ಒಂದೇ ಪಾಂಡಾ ಕುಳಿತು ಬಿದಿರು ತಿನ್ನುತ್ತಿದೆ, ಅಷ್ಟೇ. ಎಷ್ಟೋ ಮೇಲು.

ಆದರೆ ಕೊಳ್ಳುವವರ ರುಚಿ ಏನೆಂಬುದಕ್ಕೆ ಬೇರೊಂದು ಸಂಗತಿ ಸಾಕ್ಷಿಯಾಗಿದೆ. 2001ರಲ್ಲಿ ಚೀನದವರು ಇನ್ನು ಚಿತ್ರ ಬದಲಿಸುವುದಿಲ್ಲವೆಂದು ನಿಶ್ಚಯಿಸಿ, ಬಿದಿರು ಮೆಳೆಯೊಳಗಿನ ಪಾಂಡಾ ಒಂದನ್ನು ಆರಿಸಿಕೊಂಡು 2002ಕ್ಕೂ ಅದನ್ನೇ ಮುಂದುವರಿಸಿದರು. ಸಂಗ್ರಾಹಕರು ಗಲಾಟೆ ಎಬ್ಬಿಸಿದರು. 2003ರಲ್ಲಿ ಮತ್ತೆ ಹೊಸ ಚಿತ್ರ ಬಂತು. ನನ್ನ ಕಣ್ಣಿಗೆ ಆ ಎರಡು ವರ್ಷದ ಚಿತ್ರ ಸಾಲಿನಲ್ಲಿ ಅತ್ಯುತ್ತಮವಾದವುಗಳಲ್ಲಿ ಒಂದು: ಬಿದಿರಿನ ನೆಟ್ಟನೆಯ ಗೆರೆಗಳು, ನಡುವೆ ಪ್ರಾಣಿಯ ಗುಂಡನೆಯ ಮೈ. ಅಂಥ ಚಿತ್ರ ಕೈಯಲ್ಲಿದ್ದೂ ಗಲಾಟೆ ಮಾಡಿದವರಿಗೆ ಬೇಕಾಗಿದ್ದದ್ದು ಪಾಂಡಾ ಅಲ್ಲ, ಹೊಸತನ ಎಂದು ತೀರ್ಮಾನಿಸದೆ ವಿಧಿಯಿಲ್ಲ. ಆ ಹಸಿವಿಗೆ ಟಂಕಸಾಲೆಯವರು ಚೆನ್ನಾಗಿಯೇ ಬಡಿಸಿದ್ದಾರೆ. 2009ರಲ್ಲಿ ಬೆಳ್ಳಿ ಪಾಂಡಾದ ಮಿತಿ 6 ಲಕ್ಷವಿತ್ತು. 2012ರ ಹೊತ್ತಿಗೆ ಅದು 80 ಲಕ್ಷ. ವಿರಳವೆಂದು ಕೂಡಿಟ್ಟವರು ಇದನ್ನು ಗಮನಿಸಬೇಕು. 2015ರಲ್ಲಂತೂ ನಾಣ್ಯದ ಮೇಲೆ ತೂಕವನ್ನೂ ಶುದ್ಧತೆಯನ್ನೂ ನಮೂದಿಸುವುದನ್ನೇ ಬಿಟ್ಟುಬಿಟ್ಟರು. ಮರುವರ್ಷ ಅವು ಮರಳಿ ಬಂದಾಗ ತೂಕ ಔನ್ಸಿನಿಂದ 30 ಗ್ರಾಮಿಗೆ ಇಳಿದಿತ್ತು. ಕಡಿಮೆಯಾದದ್ದು ಒಂದು ಗ್ರಾಮಿಗೆ ತುಸು ಹೆಚ್ಚು. ತಕ್ಕಡಿಯವನಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಕೂಕಬರಾದ ಕಥೆ ಬೇರೆ. ಇದು ಮಿಂಚುಳ್ಳಿಯ ಜಾತಿಯ ದೊಡ್ಡ ಹಕ್ಕಿ. ಮನುಷ್ಯರ ನಗುವಿನಂತೆ ಕೂಗುವುದಕ್ಕೆ ಪ್ರಸಿದ್ಧ. ಪಶ್ಚಿಮ ಆಸ್ಟ್ರೇಲಿಯದ ಪರ್ತ್ ಟಂಕಸಾಲೆ 1990ರಿಂದ ಇದನ್ನು ಬೆಳ್ಳಿಯಲ್ಲಿ ಹೊರಡಿಸುತ್ತಿದೆ. ತಮಾಷೆಯೆಂದರೆ ಈ ಹಕ್ಕಿ ಹುಟ್ಟಾ ಆ ಸೀಮೆಯದಲ್ಲ. ಅದರ ತವರು ಪೂರ್ವ ಆಸ್ಟ್ರೇಲಿಯ. 19ನೆಯ ಶತಮಾನದ ಕೊನೆಯಲ್ಲಿ ಜನರೇ ತಂದು ಪಶ್ಚಿಮದಲ್ಲಿ ಬಿಟ್ಟರು. ಪರ್ತ್ ಟಂಕಸಾಲೆ ತೆರೆದದ್ದೂ 1899ರಲ್ಲಿ. ಹಕ್ಕಿ, ಕಟ್ಟಡ ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದು ನೆಲಸಿದ ವಲಸೆಗಾರರು. ಪರಸ್ಥಳದಲ್ಲಿ ಬೇರುಬಿಟ್ಟ ನಮ್ಮ ಸಂಘದ ಸದಸ್ಯರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ.

ಚಿತ್ರಗಳ ವಿಷಯಕ್ಕೆ ಬಂದರೆ, ಬಹುಪಾಲು ವರ್ಷ ಹಕ್ಕಿ ಕೊಂಬೆಯ ಮೇಲೆ ಕುಳಿತಿದೆ, ಬದಲಾಗಿರುವುದು ಕೊಂಬೆ. ಕೊಂಬೆಯ ಮೇಲೆ ಕಾದು ಕುಳಿತು ಬೇಟೆಯ ಮೇಲೆರಗುವುದೇ ಅದರ ಸ್ವಭಾವ, ಆದ್ದರಿಂದ ಸುಳ್ಳೆಂದು ಹೇಳುವಂತಿಲ್ಲ. ಆದರೆ ಅದೇ ದೇಶದ ಸ್ಟುವರ್ಟ್ ಡೆವ್ಲಿನ್ 1966ರಲ್ಲಿ ಚಿಲ್ಲರೆ ನಾಣ್ಯಗಳಿಗೆ ಬರೆದ ಪ್ರಾಣಿಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಐದು ಸೆಂಟಿನ ಮೇಲೆ ಮುಳ್ಳುಮೈಯ ಎಕಿಡ್ನಾ, ಹತ್ತರ ಮೇಲೆ ಗರಿ ಕೆದರಿದ ಲೈರ್ ಹಕ್ಕಿ, ಇಪ್ಪತ್ತರ ಮೇಲೆ ಈಜುವ ಪ್ಲಾಟಿಪಸ್. ಬೆಳ್ಳಿಯೂ ಇಲ್ಲ, ಮಂಜೂ ಇಲ್ಲ, ತಾಮ್ರ ನಿಕ್ಕಲಿನ ಮಿಶ್ರಲೋಹ. ಲೈರ್ ಹಕ್ಕಿಯ ಬಾಲದ ಗರಿಗಳೇ ನಾಣ್ಯದ ಅಂಚನ್ನು ಬಳಸಿ ವೃತ್ತವನ್ನು ತುಂಬುತ್ತವೆ. ಕೂಕಬರಾದ ಅನೇಕ ಚಿತ್ರಗಳು ಎಲ್ಲಿಯೋ ಚೌಕದ ಹಾಳೆಯ ಮೇಲೆ ಬರೆದು ಆಮೇಲೆ ದುಂಡಗೆ ಕತ್ತರಿಸಿದಂತಿವೆ. ಅರವತ್ತು ವರ್ಷಗಳಾಗುತ್ತ ಬಂದರೂ ಡೆವ್ಲಿನ್ನನ ಆ ಮೂರನ್ನು ಬದಲಿಸಬೇಕೆಂದು ಯಾರೂ ಗಲಾಟೆ ಮಾಡಿದಂತಿಲ್ಲ.

ಕೆನಡಾದವರು 2011ರಿಂದ 2013ರವರೆಗೆ ಮೂರು ವರ್ಷದಲ್ಲಿ ಆರು ಪ್ರಾಣಿಗಳನ್ನು ಹೊರಡಿಸಿದರು: ತೋಳ, ಗ್ರಿಜ್ಲಿ ಕರಡಿ, ಕೂಗರ್, ಮೂಸ್, ಪ್ರಾಂಗ್‌ಹಾರ್ನ್, ಕಾಡೆಮ್ಮೆಯಂಥ ಬೈಸನ್. ಒಂದೊಂದೂ ಹತ್ತು ಲಕ್ಷ. ಕೆಲಸ ಅಚ್ಚುಕಟ್ಟು, ಶಾಲೆಯ ಗೋಡೆಯ ಮೇಲಿನ ಪ್ರಾಣಿಪಟ ನೋಡಿದಂತಾಯಿತು, ಅಷ್ಟೇ.

ಆಫ್ರಿಕದ ಆನೆ ನಾಣ್ಯದ ಬಗ್ಗೆ ನನಗೆ ಎರಡು ಮನಸ್ಸು. ಆನೆಯ ಚರ್ಮದ ನೆರಿಗೆಗಳನ್ನು ಅವರು ಕೆತ್ತುವ ಬಗೆ ಬಹಳ ಸೊಗಸು. ಆದರೆ ನಾಣ್ಯ ಸೋಮಾಲಿಯದ್ದು, ಅಚ್ಚಾಗುವುದು ಜರ್ಮನಿಯ ಬವೇರಿಯಾ ರಾಜ್ಯದ ಟಂಕಸಾಲೆಯಲ್ಲಿ. 1999ರಲ್ಲಿ ಆರಂಭವಾದಾಗ ಅದರ ಮೇಲಿದ್ದ ಹೆಸರು ಜಾಂಬಿಯ, 2004ರಿಂದ ಸೋಮಾಲಿಯ. ಆನೆ ಅದೇ, ಊರು ಬೇರೆ. ದಶಕಗಳ ಅಂತರ್ಯುದ್ಧದಲ್ಲಿ ಬೆಂದ ಆ ದೇಶದಲ್ಲಿ ಈಗ ಕಾಡಾನೆ ಕಾಣುವುದೇ ಅಪರೂಪ. ಶ್ರೀರಂಗಪಟ್ಟಣದಲ್ಲಿಯೂ ನಗರದಲ್ಲಿಯೂ ಅಚ್ಚಾದ ಟಿಪ್ಪೂ ಸುಲ್ತಾನನ ತಾಮ್ರದ ಕಾಸುಗಳ ಮೇಲಿನ ಆನೆ ನೆನಪಾಗುತ್ತದೆ. ಒಂದರಲ್ಲಿ ಎಡಕ್ಕೆ ಮುಖ, ಇನ್ನೊಂದರಲ್ಲಿ ಬಲಕ್ಕೆ. ಒಂದರಲ್ಲಿ ಸೊಂಡಿಲು ಇಳಿಬಿಟ್ಟಿದೆ, ಇನ್ನೊಂದರಲ್ಲಿ ಎತ್ತಿದೆ. ನೆರಿಗೆ ಗಿರಿಗೆ ಏನೂ ಇಲ್ಲ. ಆದರೆ ಅದು ಆ ನೆಲದ ಆನೆ, ಸಂತೆಯಲ್ಲಿ ಸೊಪ್ಪು ಕೊಳ್ಳುವವರ ಕೈಯಲ್ಲಿ ಸವೆದ ಆನೆ.

ಹುಲಿ ಯೋಜನೆಗೆ ಐವತ್ತು ವರ್ಷ ತುಂಬಿದ ನೆನಪಿಗೆ 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಒಂದು ನಾಣ್ಯ ಬಿಡುಗಡೆಯಾಯಿತು. ಅದು ಒಂದು ಸಂದರ್ಭದ ನೆನಪು, ಅಲ್ಲಿಗೆ ಮುಗಿಯಿತು. ಒಂದೇ ಪ್ರಾಣಿಯನ್ನು ಹಿಡಿದು ವರ್ಷಾನುವರ್ಷ ನೋಡುವ ಕೆಲಸಕ್ಕೆ ನಮ್ಮ ಟಂಕಸಾಲೆಗಳು ಎಂದಾದರೂ ಕೈಹಾಕುವುದಾದರೆ ಹುಲಿಯನ್ನು ಬಿಟ್ಟು ಕಾಟಿಯನ್ನು ತೆಗೆದುಕೊಳ್ಳಲಿ ಎಂದು ನನ್ನ ಸೂಚನೆ. ಬಂಡೀಪುರ, ನಾಗರಹೊಳೆಗಳಲ್ಲಿ ಕಂಡವರಿಗೆ ಗೊತ್ತು: ಮೈಯೆಲ್ಲ ಕಪ್ಪು, ಮೊಣಕಾಲಿನ ಕೆಳಗೆ ಕಾಲುಚೀಲ ತೊಟ್ಟಂತೆ ಬಿಳುಪು. ಮೈಗೆ ನುಣುಪು, ಕಾಲಿಗೆ ಮಂಜು. ಪಾಂಡಾದಂತೆ ಇದೂ ಬೆಳ್ಳಿಗೆ ಹೇಳಿ ಮಾಡಿಸಿದ ಪ್ರಾಣಿ.

ಹೇಳುವುದು ಮರೆತಿತ್ತು. ನಾಣ್ಯಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ. ಅದರೊಳಗಿನ ಗಂಧಕ ಬೆಳ್ಳಿಯೊಂದಿಗೆ ಸೇರಿ ಸಲ್ಫೈಡು ಆಗುತ್ತದೆ. ಪಾಂಡಾ ಪೂರ್ತಿ ಕಪ್ಪಾಗುತ್ತದೆ. ಒಂದೇ ಒಂದನ್ನು ಕೊಳ್ಳುವವರು ನನ್ನನ್ನು ಕೇಳಿದರೆ 2001ರದನ್ನಾಗಲಿ 2002ರದನ್ನಾಗಲಿ, ಯಾವುದು ಅಗ್ಗವೋ ಅದನ್ನು ಕೊಳ್ಳಿ. ಚಿತ್ರ ಒಂದೇ.