ಸ್ಪೀಕರಿನ ಅಂಚಿಗೊಂದು ಫೋಮ್ ಪಟ್ಟಿ

ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ಕಟ್ಟುವವರು ಊಫರ್‌ಗೆ, ಪ್ಲೈವುಡ್‌ಗೆ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ನನಗೆ ಅಕ್ಕರೆ ಇರುವುದು ಅವೆರಡರ ನಡುವೆ ಕೂರುವ ಗ್ಯಾಸ್ಕೆಟ್ ಮೇಲೆ. ಅದಿಲ್ಲದಿದ್ದರೆ ಮುಚ್ಚಿದ ಪೆಟ್ಟಿಗೆಯ ಗಾಳಿ ಸಂದಿಯಲ್ಲಿ ನುಸುಳಿ ಬುಸುಗುಡುತ್ತದೆ, ಬೇಸ್ ಸೊರಗುತ್ತದೆ. ಬಾಗಿಲ ಸಂದಿಗೆ ಅಂಟಿಸುವ ಫೋಮ್ ಟೇಪ್ ಸಾಕು; ನೀರು ಹೀರುವ ಜಾತಿಯದು ಮಾತ್ರ ಬೇಡ, ಅದರೊಳಗೆ ಗಾಳಿಯೂ ಹಾಯುತ್ತದೆ. ನನ್ನ ಮತ ಸ್ಟೇಷನರಿ ಅಂಗಡಿಯ 2 ಮಿ.ಮೀ. ಇವಿಎ ಶೀಟಿಗೆ: ಕತ್ತರಿಗೆ ಸಲೀಸು, ಸ್ಕ್ರೂ ಬಿಗಿದಂತೆ ಒತ್ತಿಕೊಳ್ಳುತ್ತದೆ, ಬಿಚ್ಚಿದರೆ ಹಾಗೇ ಎದ್ದು ಬರುತ್ತದೆ. ಕಾರ್ಕ್ ಚೆನ್ನ, ಆದರೆ ಅಂಚು ಉದುರುತ್ತದೆ. ಹಳೇ ಸೈಕಲ್ ಟ್ಯೂಬೂ ಆದೀತು. ಸಿಲಿಕೋನ್ ಅಂಟಿತೆಂದರೆ, ಮುಂದೆ ಊಫರ್ ಬಿಚ್ಚುವವನ ಪಾಡು ದೇವರಿಗೇ ಪ್ರೀತಿ! ಜೋಡಿಸಿದ ಮೇಲೆ ಊಫರ್‌ನ ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ಸಾವಕಾಶವಾಗಿ ಹಿಂದಿರುಗಿದರೆ ಗಾಳಿ ಸೋರುತ್ತಿಲ್ಲ.